ಉಷ್ಣ ಅಲ್ಲ ಸ್ವಾಮಿ, ತಾರೀಖು ಬರೆದಿಡಿ

ಬಾಯಲ್ಲಿ ಹುಣ್ಣಾಗಿದೆ ಅಂತ ಯಾರ ಹತ್ರನಾದ್ರೂ ಹೇಳಿ ನೋಡಿ. ಎದುರಿಗಿರೋರು ಡಾಕ್ಟ್ರೇ ಆಗಿರಬೇಕು ಅಂತೇನಿಲ್ಲ. ಆಫೀಸಿನ ಸೆಕ್ಯುರಿಟಿಯವರಿಂದ ಹಿಡಿದು ಪಕ್ಕದ ಮನೆ ಅಜ್ಜಿಯವರೆಗೆ, ಪ್ರಾಜೆಕ್ಟ್ ಮ್ಯಾನೇಜರಿನಿಂದ ಹಿಡಿದು ಸೊಪ್ಪು ಮಾರೋ ಅಮ್ಮನವರೆಗೆ ಎಲ್ಲರ ಹತ್ರಾನೂ ಒಂದೇ ಉತ್ತರ ರೆಡಿ ಇರತ್ತೆ: "ಉಷ್ಣ ಆಗಿದೆ ಕಣ್ರೀ." ಆಮೇಲೆ ಶುರು... ಮಜ್ಜಿಗೆ ಕುಡೀರಿ, ಎಳನೀರು ಕುಡೀರಿ, ಗಸಗಸೆ ಪಾಯಸ ಮಾಡಿಸಿ, ನೆತ್ತಿಗೆ ಹರಳೆಣ್ಣೆ ಹಾಕಿ, ಕೊಬ್ಬರಿ ಜಗೀರಿ, ಸೀಬೆ ಚಿಗುರು ಜಗೀರಿ. ಇದ್ಯಾವುದೂ ಆಗಲ್ಲ ಅಂದ್ರೆ ಮೆಡಿಕಲ್ ಶಾಪಿಗೆ ಹೋಗಿ ಒಂದು ಸ್ಟ್ರಿಪ್ ಬಿ-ಕಾಂಪ್ಲೆಕ್ಸ್ ತಗೊಳ್ಳಿ. ಅಲ್ಲಿಗೆ ಮುಗೀತು. ಕಾರಣವೂ ಸಿಕ್ತು, ಮದ್ದೂ ಸಿಕ್ತು.

ನನ್ನ ಜಗಳ ಮಜ್ಜಿಗೆ ಜೊತೆ ಅಲ್ಲ, ಎಳನೀರಿನ ಜೊತೆ ಅಂತೂ ಅಲ್ಲವೇ ಅಲ್ಲ :-) ಜಗಳ ಇರೋದು ಆ ಪದದ ಜೊತೆ. 'ಉಷ್ಣ' ಅನ್ನೋದು ಪ್ರಶ್ನೆಗೆ ಉತ್ತರ ಕೊಡೋ ಪದ ಅಲ್ಲ, ಪ್ರಶ್ನೆಯ ಬಾಗಿಲನ್ನೇ ಹಾಕಿ ಚಿಲಕ ಜಡಿಯೋ ಪದ. ಬಹಳಷ್ಟು ಸಲ ಇದರಿಂದ ಏನೂ ನಷ್ಟ ಇಲ್ಲ. ಆದ್ರೆ ಒಂದೊಂದು ಸಲ ಇದಕ್ಕೆ ತೆರಬೇಕಾದ ಬೆಲೆ ಒಬ್ಬ ಮನುಷ್ಯನ ನಾಲಿಗೆ, ದವಡೆ, ಜೀವ. ಅದಕ್ಕೇ ಇಷ್ಟುದ್ದ ಬರೀತಿದೀನಿ. ಸ್ವಲ್ಪ ಸಹನೆ ಇರಲಿ.

ಮೊದಲು, ಈ ಪದಕ್ಕೆ ಇಷ್ಟು ಮರ್ಯಾದೆ ಹೇಗೆ ಸಿಕ್ತು ಅಂತ ನೋಡೋಣ.

ನಮ್ಮಲ್ಲಿ ಹೆಚ್ಚಿನವರಿಗೆ ಆಗಾಗ ಬಂದು ಹೋಗೋ ಬಾಯಿಹುಣ್ಣಿಗೆ ಡಾಕ್ಟರುಗಳು ಅಫ್ತಸ್ ಹುಣ್ಣು ಅಂತಾರೆ. ಸುಮಾರು ಐದರಲ್ಲಿ ಒಬ್ಬರನ್ನ ಇದು ಕಾಡತ್ತೆ. ತುಟಿಯ ಒಳಗೆ, ಕೆನ್ನೆಯ ಒಳಗೆ, ನಾಲಿಗೆಯ ಅಂಚಿನಲ್ಲಿ ಅಥವಾ ಅಡಿಯಲ್ಲಿ, ಹೀಗೆ ಮೆತ್ತಗಿನ ಜಾಗದಲ್ಲೇ ಬರತ್ತೆ. ಗುಂಡಗೆ, ನಡುವೆ ಬಿಳಿ ಅಥವಾ ಹಳದಿ, ಸುತ್ತ ಕೆಂಪು ಉಂಗುರ. ಸಾಮಾನ್ಯವಾಗಿ ಒಂದು ಸೆಂಟಿಮೀಟರಿಗಿಂತ ಚಿಕ್ಕದು. ಆದ್ರೆ ಸಾರಿನ ಒಂದು ಹನಿ ತಾಗಿದ್ರೆ ಕಣ್ಣಲ್ಲಿ ನೀರು ಬರಿಸತ್ತೆ. ಮುಖ್ಯವಾದ ವಿಷಯ ಏನಪ್ಪಾ ಅಂದ್ರೆ, ನೀವು ಏನೂ ಮಾಡದೇ ಸುಮ್ಮನಿದ್ರೂ 7ರಿಂದ 14 ದಿನದಲ್ಲಿ ಕಲೆ ಕೂಡ ಉಳಿಸದೇ ತಾನಾಗೇ ವಾಸಿಯಾಗತ್ತೆ.

ಈಗ ಲೆಕ್ಕ ಹಾಕಿ. ಮೊದಲ ಎರಡು ದಿನ ನಾವು ಕ್ಯಾರೇ ಅನ್ನಲ್ಲ. ಮೂರನೇ ದಿನ ಮಜ್ಜಿಗೆ ಶುರು. ಐದನೇ ದಿನ ಕ್ಯಾಪ್ಸೂಲು. ಏಳನೇ ದಿನ ಯಾರೋ ಹೇಳಿದ್ರು ಅಂತ ನೆತ್ತಿಗೆ ಹರಳೆಣ್ಣೆ. ಒಂಬತ್ತನೇ ದಿನ ಹುಣ್ಣು ಮಾಯ! ಕೀರ್ತಿ ಯಾರಿಗೆ ಹೋಗತ್ತೆ? ಕೊನೆಗೆ ಬಂದ ಹರಳೆಣ್ಣೆಗೆ. ಮುಂದಿನ ಐವತ್ತು ವರ್ಷ ಆ ಮನೆಯಲ್ಲಿ ಹರಳೆಣ್ಣೆಯೇ ರಾಮಬಾಣ. ಅದರ ಬದಲು ಏಳನೇ ದಿನ ಬಾಗಿಲಿಗೆ ನಿಂಬೆಹಣ್ಣು ಕಟ್ಟಿದ್ದಿದ್ರೆ ಅದೂ ರಾಮಬಾಣವೇ ಆಗ್ತಿತ್ತು. ತಾನಾಗೇ ವಾಸಿಯಾಗೋ ಕಾಯಿಲೆಗೆ ಯಾವ ಮದ್ದೂ ಸೋಲಲ್ಲ.

ನಮ್ಮ ಕೆಲಸದಲ್ಲೂ ಇಂಥದ್ದು ನಡೆಯತ್ತೆ. ನೆಟ್‌ವರ್ಕ್ ಕೈಕೊಟ್ಟು ಅಪ್ಲಿಕೇಶನ್ ನಿಂತಿರತ್ತೆ, ಹತ್ತು ನಿಮಿಷಕ್ಕೆ ನೆಟ್‌ವರ್ಕ್ ತಾನಾಗೇ ಸರಿಹೋಗಿರತ್ತೆ. ಅಷ್ಟರಲ್ಲಿ ಯಾರೋ ಒಬ್ಬ ಸರ್ವರ್ ರೀಸ್ಟಾರ್ಟ್ ಮಾಡಿರ್ತಾನೆ, ಹೀರೋ ಆಗಿರ್ತಾನೆ. ಅಲ್ಲಿ ಲಾಗ್ ಫೈಲ್ ತೆಗೆದು ನಿಜ ಏನು ಅಂತ ನೋಡಬಹುದು. ಬಾಯಿಹುಣ್ಣಿಗೆ ಲಾಗ್ ಫೈಲ್ ಇಟ್ಟೋರು ಯಾರು?

ಇನ್ನು ಉಷ್ಣ ಅಂದ್ರೇನು? ಮೈಬಿಸಿಯಂತೂ ಅಲ್ಲ. ಹುಣ್ಣಾದಾಗ ಥರ್ಮಾಮೀಟರ್ ಇಟ್ಟು ನೋಡಿ, ಮಾಮೂಲಿ 37 ಡಿಗ್ರಿ ಆಸುಪಾಸಿನಲ್ಲೇ ಇರತ್ತೆ. ಬೇಸಿಗೆಯ ಬಿಸಿಲೂ ಅಲ್ಲ. ಆಗುಂಬೆಯ ಆಷಾಢದ ಮಳೆಯಲ್ಲಿ ಕಂಬಳಿ ಹೊದ್ದು ಒಲೆ ಮುಂದೆ ಕೂತವರಿಗೂ ಹುಣ್ಣಾಗತ್ತೆ, ಆಗಲೂ ಉಷ್ಣವೇ! ಮಾವಿನಹಣ್ಣು ತಿಂದ್ರೆ ಉಷ್ಣ, ಪಪ್ಪಾಯ ಉಷ್ಣ, ಮೊಟ್ಟೆ ಉಷ್ಣ, ನಿದ್ದೆಗೆಟ್ರೆ ಉಷ್ಣ, ಜಾಸ್ತಿ ಮಲಗಿದ್ರೂ ಉಷ್ಣ. ಎಲ್ಲಾ ತಪ್ಪಿಗೂ ಒಂದೇ ಸಂದೇಶ ತೋರಿಸೋ ವೆಬ್‌ಸೈಟುಗಳಿರ್ತಾವಲ್ಲ, 'ಸಮ್‌ಥಿಂಗ್ ವೆಂಟ್ ರಾಂಗ್' ಅಂತ? ಉಷ್ಣ ಅಂದ್ರೆ ಅದೇ. ಏನೋ ಎಡವಟ್ಟಾಗಿದೆ ಅಂತ ಹೇಳತ್ತೆ, ಎಲ್ಲಿ ಏನು ಅಂತ ಹೇಳಲ್ಲ.

ಹಾಗಾದ್ರೆ ನಿಜವಾದ ಕಾರಣ? ಅಫ್ತಸ್ ಹುಣ್ಣಿಗೆ ಒಂದೇ ಒಂದು ಕಾರಣ ಅಂತ ವೈದ್ಯ ವಿಜ್ಞಾನ ಕೂಡ ಬೆರಳು ಮಾಡಿ ತೋರಿಸಿಲ್ಲ. ದೇಹದ ರಕ್ಷಣಾ ವ್ಯವಸ್ಥೆ ಬಾಯಿಯ ಒಳಪದರದ ಮೇಲೇ ತಿರುಗಿ ಬೀಳೋದ್ರಿಂದ ಆಗತ್ತೆ, ಮನೆತನದಲ್ಲಿ ಹರಿದು ಬರತ್ತೆ ಅನ್ನೋದು ಗೊತ್ತಿದೆ. ಇದು ಅಂಟುರೋಗ ಅಲ್ಲ. ಆದ್ರೆ ಅದನ್ನ ಎಬ್ಬಿಸೋ ಸಂಗತಿಗಳ ಪಟ್ಟಿ ಚೆನ್ನಾಗೇ ಗೊತ್ತಿದೆ. ಊಟ ಮಾಡ್ತಾ ಕೆನ್ನೆ ಕಚ್ಚಿಕೊಂಡಿದ್ದು, ಗಟ್ಟಿ ಬ್ರಶ್ಶು ತಾಗಿದ್ದು, ಮುರಿದ ಹಲ್ಲಿನ ಚೂಪು ಅಂಚು, ಹಲ್ಲಿನ ತಂತಿ. ಪರೀಕ್ಷೆ, ಪ್ರಾಜೆಕ್ಟ್ ರಿಲೀಸ್ ಥರದ ಒತ್ತಡ. ಕಬ್ಬಿಣ, ಬಿ12, ಫೋಲೇಟ್ ಇವುಗಳ ಕೊರತೆ. ಕೆಲವರಿಗೆ ಮುಟ್ಟಿನ ಆಸುಪಾಸಿನ ದಿನಗಳು. ಕೆಲವು ಮಾತ್ರೆಗಳು, ಉದಾಹರಣೆಗೆ ಎದೆನೋವಿಗೆ ಕೊಡೋ ನಿಕೊರಾಂಡಿಲ್, ಸಂಧಿವಾತಕ್ಕೆ ಕೊಡೋ ಮೆಥೊಟ್ರೆಕ್ಸೇಟ್. ಗೋಧಿಯ ಗ್ಲುಟೆನ್ ಒಗ್ಗದಿರೋ ಸೀಲಿಯಾಕ್, ಕರುಳಿನ ಕ್ರೋನ್ಸ್, ಕಣ್ಣಿಗೂ ತೊಂದರೆ ಕೊಡೋ ಬೆಹ್ಚೆಟ್ ಕಾಯಿಲೆಗಳಲ್ಲೂ ಬಾಯಿಹುಣ್ಣು ಒಂದು ಲಕ್ಷಣ.

ನೋಡಿ, ಈ ಪಟ್ಟಿಯಲ್ಲಿ ಒಂದೊಂದಕ್ಕೂ ಒಂದೊಂದು ಬೇರೆ ಬೇರೆ ಕೆಲಸ ಇದೆ. ಚೂಪು ಹಲ್ಲಾದ್ರೆ ದಂತವೈದ್ಯರು ಐದು ನಿಮಿಷದಲ್ಲಿ ಉಜ್ಜಿ ನುಣುಪು ಮಾಡ್ತಾರೆ. ರಕ್ತಹೀನತೆ ಆದ್ರೆ ಕಬ್ಬಿಣದ ಮಾತ್ರೆ. ಮಾತ್ರೆಯಿಂದ ಆಗಿದ್ರೆ ಡಾಕ್ಟರನ್ನ ಕೇಳಿ ಬದಲಾಯಿಸಬಹುದು. 'ಉಷ್ಣ' ಅಂದ ತಕ್ಷಣ ಇದಿಷ್ಟೂ ಒಂದೇ ಲೋಟ ಮಜ್ಜಿಗೆಯಲ್ಲಿ ಮುಳುಗಿ ಹೋಗತ್ತೆ.

ಕೆಲವೊಮ್ಮೆ ಉಷ್ಣದ ಲೆಕ್ಕ ಪೂರ್ತಿ ಉಲ್ಟಾ ಕೂಡ ಹೊಡೆಯತ್ತೆ. ಮೊಟ್ಟೆ, ಮಾಂಸ ತಿನ್ನೋರಿಗೆ ಬಾಯಿಹುಣ್ಣಾದ್ರೆ ಮೊದಲ ಆಜ್ಞೆ ಏನು? ಮೊಟ್ಟೆ-ಮಾಂಸ ಬಿಡು, ಉಷ್ಣ! ಬಿ12 ಸಿಗೋದು ಪ್ರಾಣಿಮೂಲದ ಆಹಾರದಲ್ಲಿ. ಕೊರತೆಯಿಂದಲೇ ಹುಣ್ಣಾಗ್ತಿದ್ರೆ ಇರೋ ಮೂಲವನ್ನೂ ಕಿತ್ತುಕೊಂಡ ಹಾಗಾಯ್ತು. ಸಸ್ಯಾಹಾರಿಗಳಿಗೆ ಹಾಲು ಮೊಸರಿನಲ್ಲಿ ಸಿಗೋದಷ್ಟೇ ಗತಿ, ಅದಕ್ಕೇ ನಮ್ಮಲ್ಲಿ ಬಿ12 ಕೊರತೆ ಅಷ್ಟು ಸಾಮಾನ್ಯ. ಇನ್ನು ಕಬ್ಬಿಣದ ಕಥೆ ಬೇಡವೇ ಬೇಡ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ತಿಂಗಳು ತಿಂಗಳೂ ಬಾಯಿಹುಣ್ಣು ಅನ್ನೋ ಅಕ್ಕನಿಗೋ ಅತ್ತಿಗೆಗೋ ಎಳನೀರು ಕೊಟ್ಟು ಸುಮ್ಮನಾಗೋ ಬದಲು ಒಂದು ರಕ್ತಪರೀಕ್ಷೆ ಮಾಡಿಸಿದ್ರೆ ಹುಣ್ಣಿನ ಜೊತೆ ಅವರ ಸುಸ್ತು, ತಲೆಸುತ್ತಿನ ಕಾರಣವೂ ಸಿಗಬಹುದು.

"ಅದಕ್ಕೇ ಅಲ್ವಾ ನಾವು ಬಿ-ಕಾಂಪ್ಲೆಕ್ಸ್ ತಗೊಳ್ಳೋದು?" ಅಂತೀರಿ. ಗೊತ್ತಿತ್ತು :-)

ಬಿ-ಕಾಂಪ್ಲೆಕ್ಸ್ ಅಂದ್ರೆ ಉಷ್ಣಕ್ಕೆ ಇಂಗ್ಲಿಷ್ ಮೀಡಿಯಂ ಅಷ್ಟೇ. ಪದ ಬದಲಾಗಿದೆ, ಯೋಚನೆ ಅದೇ. ಎರಡು ಪ್ರಯೋಗಗಳ ಬಗ್ಗೆ ಹೇಳ್ತೀನಿ ಕೇಳಿ. 2012ರಲ್ಲಿ ಅಮೆರಿಕದಲ್ಲಿ ಪದೇ ಪದೇ ಬಾಯಿಹುಣ್ಣಾಗೋ 160 ಮಂದಿಯ ಮೇಲೆ ನಡೆಸಿದ ಒಂದು ಪ್ರಯೋಗದ ಫಲಿತಾಂಶ ಬಂತು. ಅರ್ಧ ಜನಕ್ಕೆ ಒಂದು ವರ್ಷ ದಿನಾ ಮಲ್ಟಿವಿಟಮಿನ್, ಉಳಿದ ಅರ್ಧಕ್ಕೆ ನೋಡೋಕೆ ಹಾಗೇ ಇರೋ ಖಾಲಿ ಮಾತ್ರೆ. ಹುಣ್ಣಾಗೋ ಸಂಖ್ಯೆಯಲ್ಲಾಗಲಿ, ವಾಸಿಯಾಗೋ ದಿನಗಳಲ್ಲಾಗಲಿ ಎರಡೂ ಗುಂಪಿಗೆ ಹೇಳಿಕೊಳ್ಳೋ ವ್ಯತ್ಯಾಸ ಇರಲಿಲ್ಲ. ಅದಕ್ಕೂ ಮುಂಚೆ 2009ರಲ್ಲಿ ಇಸ್ರೇಲಿನಲ್ಲಿ 58 ಮಂದಿಯ ಮೇಲೆ ನಡೆದ ಚಿಕ್ಕ ಪ್ರಯೋಗದಲ್ಲಿ ಬರೀ ಬಿ12, ಅದೂ ದಿನಕ್ಕೆ 1000 ಮೈಕ್ರೋಗ್ರಾಂ, ಆರು ತಿಂಗಳು ನಾಲಿಗೆ ಕೆಳಗೆ ಇಟ್ಟುಕೊಂಡವರಲ್ಲಿ ನೂರಕ್ಕೆ 74 ಮಂದಿಗೆ ಕೊನೆಯ ತಿಂಗಳು ಹುಣ್ಣೇ ಆಗಲಿಲ್ಲ. ಖಾಲಿ ಮಾತ್ರೆಯವರಲ್ಲಿ ಹಾಗಾಗಿದ್ದು ನೂರಕ್ಕೆ 32. ಪ್ರಯೋಗ ಸಣ್ಣದು, ಅದೊಂದನ್ನೇ ಹಿಡ್ಕೊಂಡು ಕುಣಿಯೋ ಹಾಗಿಲ್ಲ. ಆದ್ರೆ ಗಮನಿಸಿ, ಆ ಪ್ರಮಾಣ ಎಲ್ಲಿ, ಮಾಮೂಲಿ ಬಿ-ಕಾಂಪ್ಲೆಕ್ಸ್ ಕ್ಯಾಪ್ಸೂಲಿನಲ್ಲಿರೋ ಹತ್ತು ಹದಿನೈದು ಮೈಕ್ರೋಗ್ರಾಂ ಎಲ್ಲಿ? ಅದನ್ನೂ ನಾವು ತಗೊಳ್ಳೋದು ಎಷ್ಟು ದಿನ? ಹುಣ್ಣು ಮಾಯೋವರೆಗೆ, ಅಂದ್ರೆ ನಾಲ್ಕು ದಿನ. ಕೊರತೆ ಇದ್ರೆ ಇಷ್ಟು ಸಾಲಲ್ಲ, ಇಲ್ಲದಿದ್ರೆ ಬೇಕಾಗಿಲ್ಲ. ಪದೇ ಪದೇ ಹುಣ್ಣಾಗ್ತಿದ್ರೆ ಮಾಡಬೇಕಾದ್ದು ಸಿಬಿಸಿ, ಫೆರಿಟಿನ್, ಬಿ12, ಫೋಲೇಟ್ ಪರೀಕ್ಷೆ. ಆಮೇಲೆ ಯಾವುದು ಕಡಿಮೆ ಇದೆಯೋ ಅದಕ್ಕೆ ಮದ್ದು.

ಸರಿ, ಬೈದಿದ್ದು ಸಾಕು, ಏನು ಮಾಡಬೇಕು ಹೇಳಪ್ಪಾ ಅಂದ್ರೆ, ಮಾಮೂಲಿ ಹುಣ್ಣಿಗೆ ಇಷ್ಟು ಸಾಕು:

- ಅರ್ಧ ಚಮಚ ಉಪ್ಪು ಹಾಕಿದ ಒಂದು ಲೋಟ ಬೆಚ್ಚಗಿನ ನೀರಲ್ಲಿ ದಿನಕ್ಕೆ ಮೂರು ನಾಲ್ಕು ಸಲ ಬಾಯಿ ಮುಕ್ಕಳಿಸಿ. ಉರಿಯತ್ತೆ, ತಡ್ಕೊಳ್ಳಿ.
- ಖಾರ, ಹುಳಿ, ಸುಡು ಸುಡು ಕಾಫಿ, ಗರಿಗರಿ ಚಕ್ಕುಲಿ-ಚಿಪ್ಸು ನಾಲ್ಕು ದಿನ ಬಿಡಿ. ಮೊಸರನ್ನ, ಗಂಜಿ, ಇಡ್ಲಿ ನಿಮ್ಮ ಗೆಳೆಯರು. ಮಜ್ಜಿಗೆ ಧಾರಾಳವಾಗಿ ಕುಡೀರಿ, ಉಷ್ಣಕ್ಕಲ್ಲ, ತಣ್ಣಗೆ ಹಿತವಾಗಿರತ್ತೆ ಅಂತ. ತುಪ್ಪ ಹಚ್ಚಿದ್ರೂ ತೊಂದರೆ ಇಲ್ಲ, ಒಂದು ಪದರ ಕೂತು ಖಾರ ನೇರ ತಾಗಲ್ಲ.
- ನೋವು ಜಾಸ್ತಿ ಇದ್ರೆ ಡಾಕ್ಟರು ಟ್ರಯಾಮ್ಸಿನೊಲೋನ್ ಅನ್ನೋ ಸ್ಟೆರಾಯ್ಡ್ ಪೇಸ್ಟ್ ಬರೆದು ಕೊಡಬಹುದು. ಹುಣ್ಣು ಏಳೋ ಮುಂಚೆ ಚುರುಚುರು ಅನ್ನೋವಾಗಲೇ ಹಚ್ಚಿದ್ರೆ ಹೆಚ್ಚು ಉಪಯೋಗ. ಜಾಗ ಒರೆಸಿ ಒಣಗಿಸಿ, ಊಟ ಆದ್ಮೇಲೆ ಮತ್ತು ಮಲಗೋ ಮುಂಚೆ ಹಚ್ಚಬೇಕು.
- ಅಂಗಡಿಯಲ್ಲಿ ಕೇಳಿದ ತಕ್ಷಣ ಕೊಡೋ ಕೋಲೀನ್ ಸ್ಯಾಲಿಸಿಲೇಟ್ ಜೆಲ್ ಮಕ್ಕಳಿಗೆ ಹಚ್ಚಬೇಡಿ. ಅದು ಆಸ್ಪಿರಿನ್ ಬಳಗದ್ದು. 2009ರಲ್ಲೇ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 16 ವರ್ಷದ ಒಳಗಿನವರಿಗೆ ಬೇಡ ಅಂದಿದೆ. ಆಸ್ಪಿರಿನ್ ಮಾತ್ರೆಯನ್ನೇ ಹುಣ್ಣಿನ ಮೇಲೆ ಒತ್ತಿ ಇಟ್ಕೊಳ್ಳೋರೂ ಇದ್ದಾರೆ, ಅದು ಬಾಯಿ ಸುಡತ್ತೆ.
- ಆಂಟಿಬಯಾಟಿಕ್ ಕೇಳಿ ತಗೋಬೇಡಿ. ಅಫ್ತಸ್ ಹುಣ್ಣು ಸೋಂಕಲ್ಲ.

ಬರದ ಹಾಗೆ ತಡೆಯೋಕೆ: ಮೆತ್ತಗಿನ ಬ್ರಶ್ಶು, ಚೂಪು ಹಲ್ಲಿಗೆ ದಂತವೈದ್ಯರು, ಊಟದ ಜೊತೆಗೇ ಕಾಫಿ-ಟೀ ಕುಡಿಯೋ ಅಭ್ಯಾಸಕ್ಕೆ ರಜೆ, ಯಾಕಂದ್ರೆ ಅದು ಊಟದಲ್ಲಿರೋ ಕಬ್ಬಿಣವನ್ನ ಮೈಗೆ ಹತ್ತೋಕೆ ಬಿಡಲ್ಲ. ಟೂತ್‌ಪೇಸ್ಟಿನಲ್ಲಿ ನೊರೆ ಬರಿಸೋ ಸೋಡಿಯಂ ಲಾರಿಲ್ ಸಲ್ಫೇಟ್ ಅಂತ ಇರತ್ತೆ. ಅದಿಲ್ಲದ ಪೇಸ್ಟ್ ಬಳಸಿದಾಗ ಕೆಲವು ಪ್ರಯೋಗಗಳಲ್ಲಿ ಹುಣ್ಣು ಕಡಿಮೆಯಾಗಿದೆ, ಕೆಲವದರಲ್ಲಿ ವ್ಯತ್ಯಾಸ ಕಂಡಿಲ್ಲ. ಖರ್ಚಿಲ್ಲದ ಪ್ರಯೋಗ, ಎರಡು ತಿಂಗಳು ಮಾಡಿ ನೋಡಬಹುದು. ಆದ್ರೆ ನೋಡೋಕೆ ಹುಣ್ಣಾದ ತಾರೀಖು ಬರೆದಿಟ್ಟಿರಬೇಕು. ನಾನು ಆವಾಗಿಂದ ಬರ್ತಾ ಇರೋದು ಇಲ್ಲಿಗೇ. ತಾರೀಖು.

ಯಾಕೆ ತಾರೀಖು? ಇಷ್ಟು ಹೊತ್ತು ಹೇಳಿದ್ದು ತಾನಾಗೇ ವಾಸಿಯಾಗೋ ಹುಣ್ಣಿನ ವಿಷಯ. ವಾಸಿಯಾಗದ ಹುಣ್ಣು ಅಂತ ಇನ್ನೊಂದಿದೆ.

ನಮ್ಮೂರ ಕಡೆ ಅಡಿಕೆ ಕೊನೆ ಕೊಯ್ಯೋಕೆ ಬರ್ತಿದ್ದ ಒಬ್ಬರಿದ್ರು. ಒಂದು ಮರದಿಂದ ಇನ್ನೊಂದು ಮರಕ್ಕೆ ಮೇಲಿಂದಲೇ ದಾಟೋ ಗಟ್ಟಿಗ. ಬಾಯಲ್ಲಿ ಬೆಳಗಿಂದ ಸಂಜೆವರೆಗೂ ಕವಳ. ಎಲೆ, ಅಡಿಕೆ, ಸುಣ್ಣ, ತಂಬಾಕು. ಎಡಗೆನ್ನೆಯ ಒಳಗೆ ಒಂದು ಹುಣ್ಣಾಯ್ತು. ಉಷ್ಣ ಅಂದ್ರು. ಬೇಸಿಗೆ ಬೇರೆ, ಇದ್ದರೂ ಇರಬಹುದು ಅಂತ ಅವರೂ ಅಂದುಕೊಂಡ್ರು. ಜೀರಿಗೆ ಕಷಾಯ ಆಯ್ತು, ರಾಗಿ ಅಂಬಲಿ ಆಯ್ತು. ಪೇಟೆಯ ಔಷಧಿ ಅಂಗಡಿಯಲ್ಲಿ ಕೇಳಿದಾಗ ಒಂದು ಜೆಲ್ಲು, ಒಂದು ಸ್ಟ್ರಿಪ್ ಕ್ಯಾಪ್ಸೂಲು ಕೊಟ್ರು. ಬಾಯಿ ತೆರೆದು ನೋಡಿದೋರು ಯಾರೂ ಇಲ್ಲ. ಅವರನ್ನ ಮೋಸ ಮಾಡಿದ ದೊಡ್ಡ ಸಂಗತಿ ಅಂದ್ರೆ, ಆ ಹುಣ್ಣು ನೋಯ್ತಿರಲಿಲ್ಲ. "ನೋವಿಲ್ಲ, ಏನಿಲ್ಲ, ಹೋಗತ್ತೆ ಬಿಡಿ" ಅಂತಿದ್ರು. ಮಳೆಗಾಲ ಶುರುವಾಗೋ ಹೊತ್ತಿಗೆ ಕುತ್ತಿಗೆಯಲ್ಲಿ ಗಂಟು ಬಂತು. ಆಮೇಲೆ ಬೆಂಗಳೂರು, ಅರ್ಧ ದವಡೆ ತೆಗೆದದ್ದು, ರೇಡಿಯೇಶನ್ನು, ಸಾಲ... ಒಂದೂವರೆ ವರ್ಷ ಬದುಕಿದ್ರು. ಕೊನೆಕೊನೆಗೆ ಅವರಿಗೆ ಕುಡಿಯೋಕೆ ಆಗ್ತಿದ್ದದ್ದು ಗಂಜಿ ತಿಳಿ ಮಾತ್ರ.

ಇದು ಎಲ್ಲೋ ಅಪರೂಪಕ್ಕೆ ಆಗೋದಲ್ಲ. 2022ರ ಜಾಗತಿಕ ಅಂದಾಜಿನ ಪ್ರಕಾರ ಭಾರತದಲ್ಲಿ ಆ ಒಂದೇ ವರ್ಷ 1 ಲಕ್ಷ 40 ಸಾವಿರಕ್ಕೂ ಹೆಚ್ಚು ಜನರಿಗೆ ಹೊಸದಾಗಿ ತುಟಿ ಮತ್ತು ಬಾಯಿಯ ಕ್ಯಾನ್ಸರ್ ಬಂದಿದೆ. ಇಡೀ ಜಗತ್ತಿನ ಲೆಕ್ಕದಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ನಮ್ಮದೇ. ನಮ್ಮ ದೇಶದ ಗಂಡಸರಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣೋ ಕ್ಯಾನ್ಸರ್ ಇದು. ಶುರುವಿನಲ್ಲಿ ನೋಡೋಕೆ ಹೇಗಿರತ್ತೆ ಗೊತ್ತಾ? ಒಂದು ಬಾಯಿಹುಣ್ಣಿನ ಥರ. ಹೆಚ್ಚಾಗಿ ನೋವಿಲ್ಲದ ಬಾಯಿಹುಣ್ಣಿನ ಥರ.

ಅಂದ್ರೆ ನಾವು ಹೆದರಬೇಕಾದ ಜಾಗವೇ ತಲೆಕೆಳಗಾಗಿದೆ. ಸಣ್ಣಗೆ, ಗುಂಡಗೆ, ಪ್ರಾಣ ಹೋಗೋ ಹಾಗೆ ಉರಿಯೋ ಹುಣ್ಣಿಗೆ ನಾವು ಮನೆಯೆಲ್ಲಾ ಕೂಗಾಡ್ತೀವಿ, ಅದು ಹತ್ತು ದಿನಕ್ಕೆ ಹೋಗತ್ತೆ. ಒಂದೇ ಜಾಗದಲ್ಲಿ ಸುಮ್ಮನೆ ಕೂತಿರೋ, ಅಂಚು ಗಟ್ಟಿಯಾಗಿರೋ, ನೋಯದೇ ಇರೋ ಹುಣ್ಣನ್ನ ಮರೆತೇಬಿಡ್ತೀವಿ. ಎರಡನ್ನೂ ಬೇರೆ ಮಾಡೋಕೆ ಮನೆಯಲ್ಲಿ ಕೂತು ನಮಗಿರೋ ಒಂದೇ ಒಂದು ಉಪಕರಣ ಕ್ಯಾಲೆಂಡರು. ಬ್ರಿಟನ್ನಿನ ಮಾರ್ಗಸೂಚಿ 2015ರಿಂದ ಹೇಳ್ತಿರೋದು ಇಷ್ಟೇ: ಕಾರಣ ಗೊತ್ತಿಲ್ಲದ ಬಾಯಿಹುಣ್ಣು ಮೂರು ವಾರ ದಾಟಿದ್ರೆ, ಕ್ಯಾನ್ಸರ್ ಇರಬಹುದು ಅನ್ನೋ ಅನುಮಾನದಲ್ಲೇ ತಜ್ಞರ ಹತ್ರ ಕಳಿಸೋ ಬಗ್ಗೆ ಯೋಚಿಸಿ. ಎರಡೇ ವಾರಕ್ಕೆ ತೋರಿಸಿ ಅನ್ನೋ ಡಾಕ್ಟರುಗಳೂ ಇದ್ದಾರೆ. ಮೂರು ವಾರ ದಾಟಿದ ಎಲ್ಲಾ ಹುಣ್ಣೂ ಕ್ಯಾನ್ಸರ್ ಅಲ್ಲ. ಅಫ್ತಸ್‌ನಲ್ಲೇ ದೊಡ್ಡ ಗಾತ್ರದ್ದೊಂದು ಬಗೆ ಇದೆ, ಅದು ಮಾಯೋಕೆ ತಿಂಗಳು ತಗೊಳ್ಳತ್ತೆ. ಆದ್ರೆ ಅದು ಯಾವುದು ಅಂತ ಹೇಳಬೇಕಾದ್ದು ಡಾಕ್ಟರು, ಬೇಕಾದ್ರೆ ಬಯಾಪ್ಸಿ ಮಾಡಿ. ಅಜ್ಜಿಯಲ್ಲ, ಅಂಗಡಿಯವರಲ್ಲ, ಗೂಗಲ್ ಕೂಡ ಅಲ್ಲ. ಬಯಾಪ್ಸಿಗೆ ಸೂಜಿ ಚುಚ್ಚಿದ್ರೆ, ಚೂರು ಕತ್ತರಿಸಿದ್ರೆ ಹರಡಿಬಿಡತ್ತೆ ಅನ್ನೋದೂ ಉಷ್ಣದ ಹಾಗೇ ಇನ್ನೊಂದು ಕಟ್ಟುಕಥೆ. ಹರಡೋದು ಬಯಾಪ್ಸಿಯಿಂದಲ್ಲ, ತಡ ಮಾಡೋದ್ರಿಂದ.

ಇನ್ನು ನಮ್ಮವರೇ ಕೆಲವರಿಗೆ ಕೋಪ ಬರೋ ವಿಷಯಕ್ಕೆ ಬರ್ತೀನಿ. ಅಡಿಕೆ.

ನಮ್ಮ ಮನೆಯಲ್ಲೂ ತೋಟ ಇದೆ. ನನ್ನ ಇಂಜಿನಿಯರಿಂಗ್ ಫೀಸು ಕಟ್ಟಿದ್ದು ಅಡಿಕೆಯೇ. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯೋದು ಕರ್ನಾಟಕ, ಶಿವಮೊಗ್ಗ, ಚನ್ನಗಿರಿ, ಶಿರಸಿ, ಪುತ್ತೂರು ಕಡೆಯ ಎಷ್ಟೋ ಮನೆಗಳ ಅನ್ನ ಅದು. ಅದೆಲ್ಲಾ ಸರಿ. ಆದ್ರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಸೇರಿಸದ ಬರೀ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರೋ ವಸ್ತುಗಳ ಮೊದಲ ಗುಂಪಿಗೆ ಹಾಕಿದೆ. ತಂಬಾಕು ಇರೋ ಗುಂಪೇ ಅದು. "ಗುಟ್ಕಾ ಕೆಟ್ಟದ್ದು, ನಮ್ಮ ಎಲೆಯಡಿಕೆ ಒಳ್ಳೇದು" ಅನ್ನೋ ಮಾತು ಬೆಳೆಗಾರರ ಮಗನಾಗಿ ನನಗೂ ಕೇಳೋಕೆ ಹಿತ. ಹಿತವಾಗಿದ್ದ ಮಾತ್ರಕ್ಕೆ ನಿಜ ಆಗಲ್ಲ.

ಅಡಿಕೆಯಲ್ಲಿರೋ ಅರೆಕೋಲಿನ್ ಅನ್ನೋ ವಸ್ತು ಕೆನ್ನೆಯ ಒಳಪದರದ ಕೆಳಗೆ ನಾರು ಜಾಸ್ತಿ ಕಟ್ಟೋ ಹಾಗೆ ಮಾಡತ್ತೆ. ಬರಬರುತ್ತಾ ಕೆನ್ನೆ ಬಿಳಿಚಿ, ಬಿಗಿದು, ಬಾಯಿ ತೆರೆಯೋಕೇ ಆಗಲ್ಲ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂತ ಹೆಸರು. 1952ರಲ್ಲಿ ಇದರ ಮೊದಲ ವೈದ್ಯಕೀಯ ವರದಿ ಬಂದದ್ದು ಪೂರ್ವ ಆಫ್ರಿಕಾದಲ್ಲಿದ್ದ ಐವರು ಭಾರತೀಯ ಹೆಂಗಸರ ಬಗ್ಗೆ. ಸಮುದ್ರ ದಾಟಿ ಹೋದ್ರೂ ಅಡಿಕೆ ಜೊತೆಗೇ ಹೋಗಿತ್ತು ನೋಡಿ. ಇದರ ಶುರುವಿನ ಲಕ್ಷಣ ಏನು? ಖಾರ ತಾಗಿದ್ರೆ ಬಾಯಿ ಉರಿ, ಪದೇ ಪದೇ ಹುಣ್ಣು. ಅಂದ್ರೆ ನಾವು ಯಾವುದಕ್ಕೆ ಕಣ್ಣು ಮುಚ್ಚಿ 'ಉಷ್ಣ' ಅಂತೀವೋ ಅದೇ! ಆಗಲೇ ಅಡಿಕೆ ಬಿಟ್ರೆ ಅಲ್ಲಿಗೇ ನಿಲ್ಲಿಸೋ ಅವಕಾಶ ಇರತ್ತೆ. ಬಿಗಿದು ಹೋದದ್ದು ಮೊದಲಿನ ಹಾಗೆ ಆಗಲ್ಲ, ಕೆಲವರಲ್ಲಿ ಮುಂದೆ ಕ್ಯಾನ್ಸರಿಗೂ ತಿರುಗತ್ತೆ. ಈಗಲೇ ಒಂದು ಪರೀಕ್ಷೆ ಮಾಡಿ. ನಿಮ್ಮದೇ ಮೂರು ಬೆರಳು, ತೋರು, ನಡು, ಉಂಗುರ ಬೆರಳು, ಒಂದರ ಮೇಲೊಂದು ಬರೋ ಹಾಗೆ ನೆಟ್ಟಗೆ ಜೋಡಿಸಿ ಬಾಯೊಳಗೆ ಹಲ್ಲುಗಳ ನಡುವೆ ಇಡೋಕೆ ಆಗತ್ತಾ? ಆಗಲ್ಲ ಅಂದ್ರೆ, ಅದರಲ್ಲೂ ಅಡಿಕೆ ಜಗಿಯೋರಾದ್ರೆ, ದಂತವೈದ್ಯರ ಹತ್ರ ಹೋಗಿ.

ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧ ಆಯ್ತು. ಏನಾಯ್ತು? ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಅಂತ ಬೇರೆ ಬೇರೆಯಾಗಿ ಬಂತು. ಬೆರೆಸೋ ಕೆಲಸ ಫ್ಯಾಕ್ಟರಿಯಿಂದ ಗಿರಾಕಿಯ ಅಂಗೈಗೆ ವರ್ಗವಾಯ್ತು, ಅಷ್ಟೇ.

ಈಗ ನಿಮ್ಮ ಆಕ್ಷೇಪಗಳು. ಊಹಿಸಬಲ್ಲೆ.

"ಆಯುರ್ವೇದಕ್ಕೆ ಅವಮಾನ ಮಾಡ್ತಿದೀಯ." ಇಲ್ಲ ಸ್ವಾಮಿ. ಸುಶ್ರುತ ಸಂಹಿತೆಯಲ್ಲಿ ತುಟಿ, ಹಲ್ಲು, ಒಸಡು, ನಾಲಿಗೆ, ತಾಲು, ಗಂಟಲು ಅಂತ ಜಾಗ ಜಾಗಕ್ಕೆ ವಿಂಗಡಿಸಿ 65 ಮುಖರೋಗಗಳನ್ನ ಎಣಿಸಿದ್ದಾರೆ. ಅದರಲ್ಲಿ ಕೆಲವು ಅಸಾಧ್ಯ ಅಂತಲೂ ಹೇಳಿದ್ದಾರೆ. ಅಂದ್ರೆ ಆ ಕಾಲದ ವೈದ್ಯರೂ ಬಾಯಿ ತೆರೆಸಿ ನೋಡ್ತಿದ್ರು, ಒಂದರಿಂದ ಇನ್ನೊಂದನ್ನ ಬೇರೆ ಮಾಡ್ತಿದ್ರು. ಅರವತ್ತೈದನ್ನೂ ಒಂದೇ ಪದಕ್ಕೆ ಇಳಿಸಿದ್ದು ನಾವು. ಅವಮಾನ ಯಾರು ಮಾಡಿದ್ದು?

"ಸುಮ್ಮನೆ ಹೆದರಿಸ್ತೀಯ. ಎಲ್ಲಾ ಬಾಯಿಹುಣ್ಣಿಗೂ ಕ್ಯಾನ್ಸರ್ ಅಂತ ಓಡಬೇಕಾ?" ಉಲ್ಟಾ. ತಾರೀಖು ಬರೆದಿಟ್ಟೋನಿಗೆ ಮೊದಲ ಹದಿನಾಲ್ಕು ದಿನ ಹೆದರೋ ಕೆಲಸವೇ ಇಲ್ಲ. ಲೆಕ್ಕ ಇಲ್ಲದೋನಿಗೇ ಒಂದೋ ಮೊದಲ ದಿನದಿಂದ ಭಯ, ಇಲ್ಲಾ ಕೊನೆ ದಿನದವರೆಗೂ ಉಡಾಫೆ.

"ಹಳ್ಳಿಯವರಿಗೆ ತಜ್ಞರು ಎಲ್ಲಿ ಸಿಗ್ತಾರೆ?" ಇದು ನಿಜವಾದ ಪ್ರಶ್ನೆ. ಇದಕ್ಕೆ ಪಕ್ಕದ ಕೇರಳದಲ್ಲೇ ಉತ್ತರ ಇದೆ. 1996ರಿಂದ ತಿರುವನಂತಪುರ ಜಿಲ್ಲೆಯಲ್ಲಿ ಡಾಕ್ಟರಲ್ಲದ, ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ತೆರೆಸಿ, ಬೆಳಕು ಹಾಕಿ ನೋಡಿದ್ರು. ಅನುಮಾನ ಬಂದೋರನ್ನ ಡಾಕ್ಟರ ಹತ್ರ ಕಳಿಸಿದ್ರು. 2005ರಲ್ಲಿ ಪ್ರಕಟವಾದ ಫಲಿತಾಂಶ: ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದೋರಲ್ಲಿ ಬಾಯಿ ಕ್ಯಾನ್ಸರಿನ ಸಾವು ನೂರಕ್ಕೆ 34ರಷ್ಟು ಕಡಿಮೆಯಾಗಿತ್ತು. ದೊಡ್ಡ ಯಂತ್ರ ಇಲ್ಲ, ಸ್ಕ್ಯಾನ್ ಇಲ್ಲ. ಕಣ್ಣು ಮತ್ತು ಬೆಳಕು. ಇದೇ ದಾರಿಯಲ್ಲಿ 2016ರಲ್ಲಿ ಕೇಂದ್ರ ಸರ್ಕಾರ 30 ವರ್ಷ ದಾಟಿದ ಎಲ್ಲರಿಗೂ ಐದು ವರ್ಷಕ್ಕೊಮ್ಮೆ ಬಾಯಿಯ ತಪಾಸಣೆ ಆಗಬೇಕು ಅಂತ ಕಾರ್ಯಕ್ರಮ ರೂಪಿಸಿದೆ. ನಿಮ್ಮ ಮನೆಯವರ ಬಾಯಿ ತೆರೆಸಿ ಯಾರಾದ್ರೂ ನೋಡಿದ್ದಾರಾ? ನೋಡಿಲ್ಲ ಅಂದ್ರೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ಕೇಳಿ. ಇದು ಉಪಕಾರ ಅಲ್ಲ, ನಮ್ಮ ಹಕ್ಕು. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಆಸ್ಪತ್ರೆ ಇದೆ. ಆದ್ರೆ ಅಲ್ಲಿಗೆ ಅರ್ಧ ದವಡೆ ಕೊಡೋ ಹಂತದಲ್ಲಿ ಹೋಗೋದಕ್ಕೂ, ಸಣ್ಣ ಕಲೆ ಇದ್ದಾಗಲೇ ಹೋಗೋದಕ್ಕೂ ಅಜಗಜಾಂತರ.

ಹಾಗಾಗಿ ನನ್ನ ಕೋರಿಕೆ ಇಷ್ಟೇ. ನಿಮ್ಮ ಮನೆ ಗೋಡೆಯಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ ಬರೆಯೋ ಕ್ಯಾಲೆಂಡರ್ ಇರತ್ತಲ್ಲ, ಮನೆಯಲ್ಲಿ ಯಾರಿಗಾದ್ರೂ ಬಾಯಿಹುಣ್ಣಾದ್ರೆ ಅವತ್ತಿನ ಚೌಕದಲ್ಲಿ 'ಹುಣ್ಣು, ಎಡಗೆನ್ನೆ' ಅಂತ ಬರೆಯಿರಿ. ಎರಡು ವಾರ ಮುಂದಿನ ಚೌಕಕ್ಕೆ ಒಂದು ಸುತ್ತು ಹಾಕಿ, ಮೂರನೇ ವಾರಕ್ಕೆ ಎರಡು ಸುತ್ತು. ಮೊದಲ ಸುತ್ತಿನ ದಿನ ಟಾರ್ಚ್ ಹಾಕಿ ನೋಡಿ, ಕಡಿಮೆಯಾಗ್ತಾ ಬಂದಿರಬೇಕು. ಎರಡು ಸುತ್ತಿನ ದಿನವೂ ಇದ್ರೆ ಮಾರನೇ ದಿನ ಡಾಕ್ಟರು. ಮಧ್ಯದಲ್ಲೇ ಉಜ್ಜಿದ್ರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಗಟ್ಟಿ ಅಂಚು, ಕುತ್ತಿಗೆ ಗಂಟು, ನುಂಗೋಕೆ ಕಷ್ಟ, ಕಾರಣವಿಲ್ಲದೆ ಅಲ್ಲಾಡೋ ಹಲ್ಲು ಇದ್ಯಾವುದಾದ್ರೂ ಕಂಡ್ರೆ ಸುತ್ತು ಬರೋವರೆಗೂ ಕಾಯೋ ಹಾಗಿಲ್ಲ. ವರ್ಷಕ್ಕೆ ನಾಲ್ಕೈದು ಸಲ ಕ್ಯಾಲೆಂಡರಿನಲ್ಲಿ 'ಹುಣ್ಣು' ಅಂತ ಕಂಡ್ರೆ ರಕ್ತಪರೀಕ್ಷೆ.

ಊರಲ್ಲಿ ಕವಳ ಹಾಕೋ ಅಪ್ಪ, ಚಿಕ್ಕಪ್ಪ, ದೊಡ್ಡಮ್ಮ ಇದ್ರೆ ಮುಂದಿನ ಸಲ ಹೋದಾಗ ಮೊಬೈಲಿನ ಟಾರ್ಚು ಹಾಕಿ "ಒಂಚೂರು ಬಾಯಿ ತೆಗೀರಿ ನೋಡೋಣ" ಅನ್ನಿ. ಬೈತಾರೆ. ಬೈಸ್ಕೊಳ್ಳಿ.

ಮಜ್ಜಿಗೆ ಕುಡಿಯೋದು ಮಾತ್ರ ಬಿಡಬೇಡಿ :-) ಕುಡೀತಾ ದಿನ ಎಣಿಸಿ. ಏನಂತೀರಿ?